ಮಾವ ಹಾಕಿದ ಸಕ್ಕರೆ

ಸೆತ್ ಬರಾಕ್ಲಫ್ ತನ್ನ ಹಿತ್ತಲ ಶೆಡ್ಡಿನೊಳಗೆ ಹೆತ್ತ ಮಗಳನ್ನೂ ಬಿಟ್ಟುಕೊಂಡವನಲ್ಲ. ತೋಳುಗಾತ್ರದ ಲೀಕ್ ಈರುಳ್ಳಿ ಬೆಳೆದು ಊರ ಸ್ಪರ್ಧೆಯಲ್ಲಿ ಬಹುಮಾನ ಹೊಡೆಯುತ್ತಿದ್ದ ಅವನು ಗಿಡಕ್ಕೆ ಏನು ಉಣಿಸುತ್ತಾನೆ ಎಂಬ ಗುಟ್ಟು ಆ ಶೆಡ್ಡಿನ ಡ್ರಮ್ಮಿನಲ್ಲಿ ಕೊಳೆಯುತ್ತಿತ್ತು. ಅಂಥವನು ಕ್ರಿಸ್‌ಮಸ್ ದಿನ ನಾಲ್ಕು ಗುಟುಕು ಹೆಚ್ಚಾಗಿ ಅಳಿಯ ಡೆನಿಸ್‌ಗೆ ಮಾತು ಕೊಟ್ಟುಬಿಟ್ಟ.

“ನೀನು ಮಾಡಿದ ಬಿಯರು ಬಾಯಲ್ಲಿಡೋ ಹಾಗಿದ್ರೆ ಅರ್ಧ ಶೆಡ್ ನಿಂದು ಕಣಯ್ಯಾ.”

ಡೆನಿಸ್‌ಗೆ ಮೊಟ್ಟೆ ಬೇಯಿಸಲೂ ಬಾರದು, ಆ ಧೈರ್ಯದ ಮೇಲೆ ಆಡಿದ ಮಾತು. ಅವನು ಮಾತ್ರ ಔಷಧಿ ಅಂಗಡಿಯಲ್ಲಿ ಮಾರುವ, ಮನೆಯಲ್ಲೇ ಬಿಯರು ಮಾಡುವ ಮಾಲ್ಟ್ ಪಾಕದ ಡಬ್ಬಿ ತಂದ, ಬಕೆಟ್ಟಿನಲ್ಲಿ ಹುದುಗಿಸಿದ. ಮನೆಯೆಲ್ಲ ಘಮಘಮ. ಸೆತ್‌ಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಒಂದು ಭಾನುವಾರ ಡೆನಿಸ್ ಬಿಯರನ್ನು ಬಾಟಲಿಗಳಿಗೆ ತುಂಬಿ, ತಿರುಪು ಮುಚ್ಚಳ ಬಿಗಿದು, ಬಿಸಿನೀರಿನ ಹಂಡೆಯ ಪಕ್ಕದ ಬೆಚ್ಚಗಿನ ಬಟ್ಟೆ ಕಪಾಟಿನಲ್ಲಿಟ್ಟ. ತುಂಬುವಾಗ ಬಾಟಲಿಗೆ ಅರ್ಧ ಚಮಚ ಸಕ್ಕರೆ ಹಾಕಬೇಕು. ಯೀಸ್ಟ್ ಅದನ್ನು ತಿಂದು ಗಾಳಿ ಬಿಟ್ಟರೇ ಬಿಯರಿಗೆ ನೊರೆ. ಸಕ್ಕರೆ ಹೆಚ್ಚಾದರೆ ಬಾಟಲಿ ಸಿಡಿಯುತ್ತದೆ. ಪಬ್ಬಿನಲ್ಲಿ ಕೂರುವ ಯಾರನ್ನು ಕೇಳಿದರೂ ಇಷ್ಟು ಹೇಳುತ್ತಾರೆ. ಸಂಜೆ ಮಗಳು ಅಳಿಯ ಪ್ರಾರ್ಥನೆಗೆ ಹೋದದ್ದೇ ತಡ, ಸೆತ್ ಒಂದೊಂದೇ ಮುಚ್ಚಳ ತಿರುಗಿಸಿ, ಪ್ರತಿ ಬಾಟಲಿಗೂ ತನ್ನ ಪಾಲಿನ ಅರ್ಧ ಚಮಚ ಸುರಿದ.

ಆಮೇಲೆ ಆ ಕಪಾಟಿನ ಮುಂದೆ ಬಗ್ಗಿಕೊಂಡೇ ಓಡಾಡಿದ. ಬಾಗಿಲಿಗೆ ಕಿವಿಯಿಟ್ಟ. ಸದ್ದಿಲ್ಲ.

“ಏನಪ್ಪಾ, ಕಪಾಟು ವಾರ್ತೆ ಓದ್ತಾ ಇದೆಯಾ?” ಎಂದಳು ಮಗಳು ಬ್ರೆಂಡಾ.

“ಇಲಿ ಅನ್ನಿಸ್ತು.”

ವಾರ ಕಳೆದ ಮೇಲೆ ಡೆನಿಸ್ ಕರೆದ. “ಮಾವ, ಬಾಟಲಿಗಳನ್ನ ತಣ್ಣಗೆ ನೆಲಮಾಳಿಗೇಲಿ ಇಡ್ಬೇಕು. ಒಂದು ಕೈ ಹಾಕ್ತೀರಾ?”

ಸೆತ್ ಓವರ್‌ಕೋಟು ತೊಟ್ಟು ಬಂದ. ಉಚ್ಚೆ ಹೊಯ್ದ ಪಕ್ಕದ ಮನೆ ಕೂಸನ್ನು ಹಿಡಿದಂತೆ ಪ್ರತಿ ಬಾಟಲಿಯನ್ನೂ ಮೈಯಿಂದ ದೂರ ಹಿಡಿದು ಮೆಟ್ಟಿಲಿಳಿದ.

“ಅಷ್ಟೊಂದು ಚಳೀನಾ ಮಾವ?”

“ವಯಸ್ಸಾಯ್ತಲ್ಲಪ್ಪಾ.”

ಒಂದೂ ಸಿಡಿಯಲಿಲ್ಲ.

ರುಚಿ ನೋಡುವ ದಿನ ಮುಚ್ಚಳ ಬಿಚ್ಚಿದರೆ ಬಾಟಲಿಯಿಂದ ಹಿತವಾದ ಒಂದು ನಿಟ್ಟುಸಿರು. ತಿಳಿ ಕಂದು ಬಿಯರು, ಮೇಲೆ ಎರಡು ಬೆರಳು ನೊರೆ. ಸೆತ್ ಒಂದು ಗುಟುಕು ಕುಡಿದ. ಹಾಳಾದ್ದು, ಪಬ್ಬಿನದಕ್ಕಿಂತ ಚೆನ್ನಾಗಿತ್ತು.

ಅಷ್ಟರಲ್ಲಿ ಬ್ರೆಂಡಾ ಒಂದು ಪೊಟ್ಟಣ ಹಿಡಿದು ಬಂದಳು. “ರೀ, ಬಿಯರಿಗೆ ಅಂತ ತೂಗಿಟ್ಟ ಸಕ್ಕರೆ, ಹಿಟ್ಟಿನ ಡಬ್ಬಿ ಹಿಂದೆ ಹಾಗೇ ಬಿದ್ದಿತ್ತಲ್ರೀ!”

ಡೆನಿಸ್ ಬಿಳಿಚಿಕೊಂಡ, ಮರುಕ್ಷಣ ಉಬ್ಬಿದ. “ಅಂದ್ರೆ ಸಕ್ಕರೇನೇ ಬೇಡ! ಪುಸ್ತಕ ಬರೆಯೋರಿಗೆ ಏನೂ ಗೊತ್ತಿಲ್ಲ. ಮಾವ, ಇದು ನನ್ನ ಕೈಗುಣ!”

ಸೆತ್‌ನ ನಾಲಿಗೆ ತುರಿಸಿತು. ಹೇಳಿದರೆ ಶೆಡ್ ಪೂರ್ತಿ ಉಳಿಯುತ್ತದೆ. ಆದರೆ ಬ್ರೆಂಡಾ ಎದುರಿಗಿದ್ದಾಳೆ. ಉಳಿದ ಶೆಡ್ಡಿನಲ್ಲೇ ಮಲಗಬೇಕಾದೀತು. ಅವನು ಜೇಬಿನಿಂದ ಶೆಡ್ಡಿನ ಬೀಗದ ಕೈ ತೆಗೆದು ಮೇಜಿನ ಮೇಲೆ ಎಸೆದ.

“ರಾಣಿಯ ಜುಬಿಲಿ ಹಬ್ಬದ ದಿನ ಇಡೀ ಬೀದಿಗೆ ನನ್ನ ಬಿಯರೇ!” ಎಂದ ಡೆನಿಸ್.

ಸೆತ್ ಇನ್ನೊಂದು ಲೋಟ ತುಂಬಿಸಿಕೊಂಡ. “ಮಾಡು ಮಗನೇ, ಖಂಡಿತ ಮಾಡು. ಏನೂ ಬದಲಾಯಿಸ್ಬೇಡ. ಸಕ್ಕರೆ ಅಂತೂ ಮುಟ್ಲೇಬೇಡ.”