ತವರ ಮಣ್ಣಿನ ಜೊತೆ ಬಂದ ಹುಳ

ಗೊನೆ ಹೊತ್ತ ಬಾಳೆ ಬೆಳಗಾಗುವಷ್ಟರಲ್ಲಿ ಬುಡಸಮೇತ ಮಲಗಿತ್ತು. ಗಾಳಿ ಬೀಸಿರಲಿಲ್ಲ. ಹದಿನೈದು ದಿನದಲ್ಲಿ ಇದು ಮೂರನೆಯದು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ವರ್ಷ ಕಳೆದಿತ್ತು. ಕಲಬುರಗಿಯ ರೋಜಾ ಓಣಿಯಲ್ಲಿ ಗುರುಲಿಂಗಪ್ಪನ ಹಿತ್ತಲಿಗೂ ಇಕ್ಬಾಲ್ ಬೇಗಂ ಅವರ ಹಿತ್ತಲಿಗೂ ನಡುವೆ ಸೊಂಟದೆತ್ತರದ ಗೋಡೆ.

“ಇದು ಮಂಜೂರನ ಕೆಲಸ. ಬುಡಕ್ಕ ಏನೋ ಸುರುವ್ಯಾನ. ಠಾಣಾದಾಗ ಅರ್ಜಿ ಕೊಡ್ತೀನಿ,” ಎಂದು ಗುರುಲಿಂಗಪ್ಪ ಕೋಟು ತೊಟ್ಟ.

ಗೋಡೆಯಾಚೆ ಇಕ್ಬಾಲ್ ಬೇಗಂ ಕೇಳಿಸಿಕೊಂಡರು. ಟಾಂಗಾ ಹೊಡೆಯುವ ಮಂಜೂರ್ ಅವರ ಒಬ್ಬನೇ ಮಗ. ಆ ದಿನಗಳಲ್ಲಿ ಇಂಥ ಅರ್ಜಿಯ ಮೇಲೆ ಒಳಗೆ ಹೋದ ಮುಸಲ್ಮಾನ ಯಾವಾಗ ಹೊರಬಂದಾನೆಂದು ಯಾರೂ ಹೇಳುವಂತಿರಲಿಲ್ಲ.

“ಕೊಡಪಾ, ಕೊಡು. ನನ್ನವೂ ಎರಡು ಬಿದ್ದಾವ. ಅವನ್ನೂ ನನ್ನ ಮಗಾನೇ ಕೊಂದಾನಂತ ಬರಿ.”

“ನಾಟಕ ಮಾಡಬ್ಯಾಡ್ರಿ.”

ಗುರುಲಿಂಗಪ್ಪನ ಹೆಂಡತಿ ವಿಮಲಾಬಾಯಿ ಬಾಗಿಲಿಗೆ ಅಡ್ಡ ನಿಂತಳು. “ಒಂದು ತಾಸು ತಡೀರಿ. ಮಾಣಿಕಪ್ಪಗ ಹೇಳಿ ಕಳಿಸೀನಿ. ಅವ ನೋಡ್ಲಿ, ಆಮ್ಯಾಲ ಎಲ್ಲಿ ಬೇಕಾದ್ರೂ ಹೋಗ್ರಿ.”

ಮಾಣಿಕಪ್ಪ ಇಪ್ಪತ್ತು ವರ್ಷದಿಂದ ಸರ್ಕಾರಿ ತೋಟದ ಮಾಲಿ. ಬಂದವನು ಯಾರ ಮುಖವನ್ನೂ ನೋಡಲಿಲ್ಲ. ಬಿದ್ದ ಬಾಳೆಯ ಗಡ್ಡೆ ಸೀಳಿದ. ಒಳಗೆಲ್ಲ ಕಪ್ಪು ಸುರಂಗ. ಕಾಲಿಲ್ಲದ ಒಂದು ಬಿಳಿ ಹುಳವನ್ನು ಕಡ್ಡಿಯಿಂದ ಮೀಟಿ ಗುರುಲಿಂಗಪ್ಪನ ಅಂಗೈಗೆ ಹಾಕಿದ.

“ತಗೋರಿ. ಅರ್ಜ್ಯಾಗ ಇವನ ಹೆಸರು ಬರೀರಿ.”

ಆಚೆ ಹಿತ್ತಲಿನ ಗಡ್ಡೆಯಲ್ಲೂ ಅದೇ ಹುಳ; ಜೊತೆಗೆ ಉದ್ದ ಮೂತಿಯ ಕಪ್ಪು ದುಂಬಿ. “ಹುಳ ಬೆಳೆದ್ರ ಹಿಂಗ ಆಗ್ತದ. ತೆವಳಿ ಗ್ವಾಡಿ ದಾಟ್ತದ. ಈ ಬಾಳಿ ಕಂದು ಎಲ್ಲಿಂದ ತಂದಿದ್ರಿ?”

“ಕಮಲಾಪುರದ ಕೆಂಬಾಳಿ, ನನ್ನ ತವರಿಂದು,” ಎಂದಳು ವಿಮಲಾಬಾಯಿ. “ಅವ್ವ ಉಡ್ಯಾಗ ಹಾಕಿ ಕೊಟ್ಟಿದ್ದಳು. ತವರ ಮಣ್ಣು ತೊಳೀಬಾರದಂತ ಮಣ್ಣ ಸಮೇತ ನೆಟ್ಟೆ.”

“ಮಣ್ಣಿನ ಸಂಗಟ ಇದನ್ನೂ ಉಡಿ ತುಂಬಿಸಿಕೊಂಡು ಬಂದೀರಿ.”

ಗುರುಲಿಂಗಪ್ಪ ಕೋಟು ಬಿಚ್ಚಿದ. “ಉಳಿದವು ಬದುಕ್ತಾವೇನು?”

“ಬಿದ್ದ ದಿಂಡು ಹಂಗೇ ಬಿಟ್ರ ಅದೇ ಹುಳದ ಮನಿ. ಗಡ್ಡಿ ಅಗದು ತಗೀರಿ, ಎಲ್ಲಾ ಸಣ್ಣಗ ಕೊಚ್ಚಿ ಬಿಸಲಿಗೆ ಒಣಗಸ್ರಿ. ಹಸಿ ದಿಂಡಿನ ಮೊಳದುದ್ದ ತುಂಡು ಉದ್ದಕ್ಕ ಸೀಳಿ, ಸೀಳಿದ ಮೈ ಕೆಳಗ ಮಾಡಿ ಬುಡದ ಹತ್ರ ಇಡ್ರಿ. ದುಂಬಿ ಅದರ ಕೆಳಗ ಬಂದು ಕೂಡ್ತಾವ. ಎರಡು ದಿನಕ್ಕೊಮ್ಮೆ ಎತ್ತಿ, ಹಿಡದು, ಸೀಮಿಎಣ್ಣಿ ಬೆರೆಸಿದ ನೀರಾಗ ಹಾಕ್ರಿ. ಎರಡೂ ಹಿತ್ತಲದಾಗ ಮಾಡಬೇಕು. ಒಬ್ಬರೇ ಮಾಡಿದ್ರ ದಂಡ.”

“ಬೇಗಂ ಸಾಹೇಬ್, ತಪ್ಪಾತ್ರಿ,” ಎಂದ ಗುರುಲಿಂಗಪ್ಪ.

“ಹುಳ ಸಿಗದಿದ್ರ ನನ್ನ ಮಂಜೂರ್ ಇವತ್ತ ಎಲ್ಲಿರ್ತಿದ್ದ?”

ಗುರುಲಿಂಗಪ್ಪ ಕುಡುಗೋಲು ತಂದು ದಿಂಡು ಕೊಚ್ಚತೊಡಗಿದ. ಬೇಗಂ ಅಂದು ಕ್ಷಮಿಸಲಿಲ್ಲ. ಆದರೆ ಸಂಜೆಯೊಳಗೆ ಗೋಡೆಯ ಎರಡೂ ಬದಿಗೆ ಸೀಳಿದ ದಿಂಡು ಇಟ್ಟಾಗಿತ್ತು. ಮೂರನೆಯ ದಿನ ಬೇಗಂ ಅವರ ಕಡೆ ಹನ್ನೊಂದು ದುಂಬಿ, ಗುರುಲಿಂಗಪ್ಪನ ಕಡೆ ಹತ್ತೊಂಬತ್ತು.

“ನಿಮ್ಮ ಕಡೇನೇ ಹೆಚ್ಚವ,” ಎಂದರು ಬೇಗಂ. “ಈಗ ಅರ್ಜಿ ಯಾರ ಮ್ಯಾಲ ಕೊಡೂಣು?”

ಹಿತ್ತಲಲ್ಲಿ ಬಾಳೆ ಬೆಳೆಸುವವರೇ, ಹುಳ ಹತ್ತದ ಬಾಳೆಗುಂಪಿನಿಂದಲೇ ಕಂದು ತನ್ನಿ. ಬೇರು, ಮಣ್ಣು ತೆಗೆದು, ಗಡ್ಡೆಯ ಮೇಲ್ಸಿಪ್ಪೆಯನ್ನು ಬಿಳಿ ಕಾಣುವವರೆಗೆ ಹೆರೆಯಿರಿ. ಸುರಂಗ ಕಂಡರೆ ಯಾರೇ ಕೊಟ್ಟಿರಲಿ, ನೆಡಬೇಡಿ. ಹೆರೆದ ಕಂದನ್ನು ಅಂದೇ ನೆಡಿ. ಮಣ್ಣು ತೊಳೆದರೆ ತವರು ದೂರವಾಗುವುದಿಲ್ಲ.

ಬಾಳೆ ಬಿದ್ದರೆ ಮೊದಲು ಗಡ್ಡೆ ಸೀಳಿ ನೋಡಿ. ನೋಡದೆ ನೆರೆಯವನ ಹೆಸರು ಹೇಳುವವನಿಗಿಂತ ಆ ಹುಳವೇ ವಾಸಿ. ಅದು ಬಾಳೆಯನ್ನಷ್ಟೇ ತಿನ್ನುತ್ತದೆ.