ಎಡಗಡೆಯ ಕನ್ನಡಿ

ಹೆಲ್ಮೆಟ್ಟಿನ ಗಾಜಿನ ಮೇಲೊಂದು ಇರುವೆ — ಒಳಗೋ ಹೊರಗೋ ತಿಳಿಯುತ್ತಿಲ್ಲ, ಉಸಿರು ಬಿಟ್ಟರೆ ಗಾಜು ಮಬ್ಬಾಗುತ್ತದೆ, ಇರುವೆ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಲೇ ಇದೆ, ಹಾಗಾದರೆ ಹೊರಗೇ ಇರಬೇಕು, ಪುಣ್ಯ ಮಾಡಿದ ಪ್ರಾಣಿ, ಅಷ್ಟೊಂದು ಕಾಲಿರುವಾಗ ಬೀಳುವ ಭಯ ಎಲ್ಲಿಂದ ಬರಬೇಕು, ಅವಳಿಗೂ ಮೊನ್ನೆಮೊನ್ನೆಯವರೆಗೆ ಇರಲಿಲ್ಲ, ಊರಿಗೆಲ್ಲ ಕಾರು ಕಲಿಸುವ ಟೀಚರಮ್ಮ, ಕಾರನ್ನು ನಿಲ್ಲಿಸಿದರೆ ನಿಲ್ಲುತ್ತದೆ, ಬೈಕನ್ನು ನಿಲ್ಲಿಸಿದರೆ ಬೀಳುತ್ತದೆ, ಇಷ್ಟು ಸಣ್ಣ ಸಂಗತಿ ಕೂದಲು ನರೆತ ಮೇಲೆ ತಿಳಿಯಬೇಕಾಯಿತಲ್ಲ. ಅವಳ ಮುಂದೆ ಇನ್ನೊಬ್ಬನೇ ಇದ್ದಾನೆ, ಹಸಿರು ಜಾಕೆಟ್ಟಿನವನು, ಆಮೇಲೆ ಅವಳ ಸರದಿ, ಮೈದಾನದ ಸಿಮೆಂಟಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ದೊಡ್ಡ ಎಂಟು, ಕಾಲು ನೆಲಕ್ಕೆ ತಾಗಿಸದೆ ಅದನ್ನು ಸುತ್ತಿ ಬಂದರೆ ಪಾಸು, ತಾಗಿಸಿದರೆ ಮನೆಗೆ — ಹಸಿರು ಜಾಕೆಟ್ಟು ಮೊದಲ ತಿರುವಿನಲ್ಲೇ ಓಲಾಡಿತು, ನಿಂತಲ್ಲೇ ಅವಳ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕೂತು ಬಂದ ಚಾಳಿ, ಅಲ್ಲಿ ಅವಳ ಕಾಲಡಿಗೂ ಒಂದು ಬ್ರೇಕಿರುತ್ತದೆ, ಇಲ್ಲಿ ಬರೀ ಸಿಮೆಂಟು, ಊರವರನ್ನೆಲ್ಲ ಕಾಪಾಡುವ ಈ ಕಾಲನ್ನು ಎಲ್ಲಿಡುವುದು. ಕುರ್ಚಿ ಹಾಕಿಕೊಂಡು ಕೂತ ಪರೀಕ್ಷಾಧಿಕಾರಿ ಅವಳಿಗೆ ಹಳೇ ಪರಿಚಯ, ಬೆಳಿಗ್ಗೆ ಕಂಡವರೇ, ಏನ್ ಮೇಡಂ, ಇವತ್ತು ಯಾರನ್ನ ಕರ್ಕೊಂಡು ಬಂದಿದೀರಾ, ನನ್ನನ್ನೇ ಸಾರ್ ಅಂದಳು, ನಕ್ಕರು, ಹೋದ ಸಲ ನಕ್ಕಿರಲಿಲ್ಲ, ಹೋದ ಸಲ ತಲೆ ಬಗ್ಗಿಸಿ ಏನೋ ಗೀಚಿಕೊಂಡರು ಅಷ್ಟೇ, ಪಾಪ, ಅವಳ ಶಿಷ್ಯರನ್ನೆಲ್ಲ ಪಾಸು ಮಾಡಿದವರು ಅವಳನ್ನೇ ಫೇಲು ಮಾಡಬೇಕಾಯಿತು.

ಅದಕ್ಕೆ ಕಾರಣ ಎಡಗಾಲು, ಬೇರೆ ಯಾರೂ ಅಲ್ಲ — ಕಾರಿನಲ್ಲಿ ಎಡಗಾಲಿಗೆ ಕ್ಲಚ್ಚು, ಬೈಕಿನಲ್ಲಿ ಕ್ಲಚ್ಚು ಎಡಗೈಗೆ ಬಂದುಬಿಟ್ಟಿದೆ, ಎಡಗಾಲಿಗೆ ಗೇರು, ಬುದ್ಧಿಗೆ ಗೊತ್ತು, ಕಾಲಿಗೆ ಗೊತ್ತಿಲ್ಲ, ಕಾಲಿಗೆ ಯಾರು ಪಾಠ ಹೇಳಬೇಕು, ಹೋದ ಸಲ ಎರಡನೇ ತಿರುವಿನಲ್ಲಿ ಎದೆ ಝಲ್ಲೆಂದ ತಕ್ಷಣ ಅದು ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಯಿತು, ಗೇರಿನ ಮೇಲೆ ಬಿತ್ತು, ಬೈಕು ಗಕ್ಕನೆ ಮುಗ್ಗರಿಸಿತು, ಮುಂದಿನ ಕ್ಷಣ ಕಾಲು ಸಿಮೆಂಟಿನ ಮೇಲೆ, ಏನೂ ಕಲಿಯದ ಹೊಸಬರು ಕೂಡ ಮಾಡದ ತಪ್ಪು, ಕಾರು ಚೆನ್ನಾಗಿ ಬಲ್ಲವರು ಮಾತ್ರ ಮಾಡುವ ತಪ್ಪು. ಮೊದಲ ದಿನ ಲೈಸೆನ್ಸ್ ಕಚೇರಿಯ ಕೌಂಟರಿನಾಕೆ ಹೇಳಿದ್ದಳಲ್ಲ, ನಿಮ್ ಹತ್ರ ಇರೋದು ಕಾರಿಂದು ಮೇಡಂ, ಬೈಕಿಗೆ ಮೊದ್ಲಿಂದ ಶುರು ಮಾಡ್ಬೇಕು, ಕಲಿಕೆ ಲೈಸೆನ್ಸು, ಹಿಂದೆ ಮುಂದೆ ಎಲ್ ಬೋರ್ಡು, ಪಾಸಾಗೋ ತನಕ ಹಿಂದಿನ ಸೀಟಲ್ಲಿ ಯಾರೂ ಕೂರೋ ಹಾಗಿಲ್ಲ. ನಾನು ಕಲಿಸೋಳಮ್ಮಾ. ಅದು ಕಾರಿಗೆ ಮೇಡಂ. ಸಿಟ್ಟು ಬರಬೇಕಿತ್ತು, ಬರಲಿಲ್ಲ, ಬದಲಿಗೆ ಈ ನಿಯಮ ಬರೆದವರು ಯಾರಿರಬಹುದು ಅನ್ನೋ ಯೋಚನೆ ಬಂತು, ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಯೋಚನೆ, ರಸ್ತೆ ಅದೇ, ಸಿಗ್ನಲ್ಲು ಅದೇ, ಎಲ್ಲ ಬಲ್ಲ ಮನುಷ್ಯ ಮತ್ತೆ ಎಲ್ ಬೋರ್ಡು ಯಾಕೆ ಕಟ್ಟಿಕೊಳ್ಳಬೇಕು, ಬರೆದವರು ಒಂದು ಸಲವಾದರೂ ಬಿದ್ದವರೇ ಇರಬೇಕು, ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಬಿದ್ದವರು, ಇಲ್ಲದಿದ್ದರೆ ಹಿಂದಿನ ಸೀಟಿನ ಮಾತು ಅವರಿಗೆ ಹೊಳೆಯುತ್ತಿರಲಿಲ್ಲ. ಆ ಸೀಟಿನಲ್ಲಿ ಮದುವೆಯಾದಾಗಿನಿಂದ ಅವಳೇ ಕೂತವಳು, ಸಂಜೆ ಕಾರು ಕಲಿಸುವ ಕೆಲಸ ಮುಗಿಸಿ ಬಂದು ಗಂಡನ ಬೈಕು ಹತ್ತುವುದು, ತಿರುವಿನಲ್ಲಿ ಅವನು ಒಂದು ಕಡೆ ವಾಲಿದರೆ ಅವಳು ಇನ್ನೊಂದು ಕಡೆ ವಾಲುವುದು, ಲೇ ಟೀಚರಮ್ಮ, ಹಿಂದೆ ಕೂತ್ಕೊಂಡು ನೀನೇ ಓಡಿಸ್ಬೇಡ, ಮೂಟೆ ಥರ ಸುಮ್ನಿರು — ತಾನು ಎಷ್ಟು ಭಾರ ಎಂದು ಅವಳು ಒಮ್ಮೆಯೂ ಯೋಚಿಸಿದವಳಲ್ಲ, ಅಷ್ಟು ವರ್ಷ ಆ ಭಾರವನ್ನು ಬೀಳದ ಹಾಗೆ ಹಿಡಿದಿದ್ದ ಕೈಗಳಿಗೆ ಹೇಗನ್ನಿಸುತ್ತಿತ್ತೋ, ಒಂದು ಸಲ ತಿಳಿದುಕೊಳ್ಳಬೇಕು.

ಅವನು ಅಲ್ಲಿ, ಗೋಡೆಯ ನೆರಳಿನಲ್ಲಿ ನಿಂತಿದ್ದಾನೆ, ಪಕ್ಕದಲ್ಲಿ ಅವಳ ತಮ್ಮ, ಭಾವನನ್ನು ಹಿಂದೆ ಕೂರಿಸಿಕೊಂಡು ಬೈಕನ್ನು ಇಲ್ಲಿಗೆ ತಂದವನು ತಮ್ಮನೇ, ನೋಡಕ್ಕಾ, ಇವತ್ತೂ ಕಾಲಿಟ್ಯೋ, ಇಲ್ಲಿಂದ್ಲೇ ನಾನು ಹೊಡ್ಕೊಂಡು ಹೋಗ್ತೀನಿ, ಆಮೇಲೆ ಅಳಬಾರ್ದು. ಹಾಗೆಂದು ಮಾತಾಗಿದೆ. ಆ ಷರತ್ತು ಹಾಕಿದವನು ಗಂಡನೇ, ಲಿಫ್ಟ್ ರಿಪೇರಿಯವನು, ಬೆನ್ನಿಗೆ ಸ್ಪ್ಯಾನರುಗಳ ಚೀಲ ಬಿಗಿದು ಆ ಕಟ್ಟಡದಿಂದ ಈ ಕಟ್ಟಡಕ್ಕೆ ಬೈಕಿನಲ್ಲೇ ಓಡಾಡಿದವನು, ಒಂದು ದಿನ ಪಕ್ಕದಿಂದ ಬಂದ ಸೈಕಲ್ಲು ಅವನಿಗೆ ಕಾಣಲೇ ಇಲ್ಲ, ಇನ್ನೊಂದು ದಿನ ನಿಂತ ಕಾರಿನ ತೆರೆದ ಬಾಗಿಲು, ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ ನೋಡಿ, ನೋಟದ ಅಂಚೆಲ್ಲ ಹೋಗಿದೆ, ನಡು ಮಾತ್ರ ಉಳಿದಿದೆ, ಇದ್ದಷ್ಟನ್ನ ಉಳಿಸಿಕೊಳ್ಳೋಣ, ಗಾಡಿ ಮಾತ್ರ ಇನ್ನು ಬೇಡ ಅಂದರು. ಮನೆಗೆ ಬಂದು ಅವನು ಮುಷ್ಟಿಯನ್ನು ಕೊಳವೆ ಮಾಡಿ ಕಣ್ಣಿಗಿಟ್ಟುಕೊಂಡು ಅವಳನ್ನು ನೋಡಿದ, ಇಷ್ಟೇ ಕಾಣೋದು ಕಣೇ, ನಿನ್ನ ಮುಖ ಹಿಡಿಸುತ್ತೆ, ಅಡುಗೆಮನೆ ಹಿಡಿಸಲ್ಲ, ಅವಳು ನಕ್ಕಳು, ನಕ್ಕಿದ್ದಕ್ಕೆ ಆಮೇಲೆ ಬಚ್ಚಲಿಗೆ ಹೋಗಿ ಅತ್ತಳು. ಅಂದಿನಿಂದ ಬೈಕು ಬಾಗಿಲಲ್ಲಿ ನಿಂತಿತು, ಅವನು ಕಿಟಕಿಯಲ್ಲಿ, ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ಕಾರಲ್ಲಿ ಹೋಗೋಣ ಬನ್ರೀ ಎಂದರೆ, ಡಬ್ಬಿ ಒಳಗೆ ಕೂತ್ಕೊಳೋಕೆ ನಾನೇನು ಬಿಸ್ಕತ್ತಾ, ನಿಂತ ಬೈಕನ್ನ ದಿನಾ ನೋಡೋಕಾಗಲ್ಲ ನಂಗೆ, ಓಡೋದಾದ್ರೆ ಇರ್ಲಿ, ನಿಲ್ಲೋದಾದ್ರೆ ನಿನ್ ತಮ್ಮ ತಗೊಂಡು ಹೋಗ್ಲಿ. ಓಡಿಸ್ತೀನಿ ಅಂದಳು, ಬಾಯಿಗೆ ಬಂದದ್ದು ಆಡಿಬಿಟ್ಟಳು, ಅವನು ಬಹಳ ದಿನದ ಮೇಲೆ ಅವಳ ಕಡೆ ಪೂರ್ತಿ ತಿರುಗಿ ನೋಡಿದ. ಇವತ್ತು ಕಾಲು ನೆಲಕ್ಕೆ ಬಿದ್ದರೆ ಬೈಕು ತಮ್ಮನದು, ಗಂಡ ಮತ್ತೆ ಕಿಟಕಿಗೆ ಹೋಗಿ ಕೂರುತ್ತಾನೆ, ಅವಳಿಗೆ ಬೇಕಾದದ್ದು ಲೈಸೆನ್ಸಲ್ಲ, ಆ ಕಿಟಕಿಯಿಂದ ಅವನು ಎದ್ದು ಬರಬೇಕು.

ಮುಂದೆ ಬನ್ನಿ ಮೇಡಂ — ಇರುವೆ ಎಲ್ಲಿ ಹೋಯಿತು — ಸೀಟು, ಸ್ಟ್ಯಾಂಡು, ಕನ್ನಡಿ, ಶಿಷ್ಯರಿಗೆ ಹೇಳಿ ಹೇಳಿ ಬಾಯಿಪಾಠ, ಮೊದಲು ಕನ್ನಡಿ ಸರಿಮಾಡ್ಕೊಳ್ಳಿ, ಬಲಗಡೆಯದು ಸರಿಯಿದೆ, ಎಡಗಡೆಯದನ್ನು ಇಂಚಿಂಚಾಗಿ ತಿರುಗಿಸಿ ರಸ್ತೆಗೆ ಹಿಡಿದವಳು ಅವಳೇ, ಅವನ ಕಾಲದಲ್ಲಿ ಅದು ರಸ್ತೆಯನ್ನು ನೋಡಿದ್ದೇ ಇಲ್ಲ, ಸುಮ್ಮನೆ ಒಳಕ್ಕೆ ತಿರುಗಿರುತ್ತಿತ್ತು, ಹಿಂದೆ ಕೂತವಳಿಗೆ ಆ ದುಂಡು ಗಾಜಿನಲ್ಲಿ ಅವನ ಒಂದು ಕಣ್ಣು ಕಾಣುತ್ತಿತ್ತು, ಒಂದೇ ಒಂದು ಕಣ್ಣು, ಎಷ್ಟು ಬೈದಿದ್ದಳು, ಕನ್ನಡಿ ಇರೋದು ರಸ್ತೆ ನೋಡೋಕೆ ಕಣ್ರೀ, ಮುಖ ನೋಡೋಕಲ್ಲ, ನನ್ ಶಿಷ್ಯರು ನೋಡಿದ್ರೆ ನಗ್ತಾರೆ, ಅದಕ್ಕೆ ಅವನದು ಒಂದೇ ಉತ್ತರ, ಬಲಗಡೇದು ರಸ್ತೆಗೆ, ಎಡಗಡೇದು ನಿಂಗೆ, ನೀನು ಮಾತು ನಿಲ್ಸಿದ್ರೆ ಹಿಂದಿದ್ಯೋ ಬಿದ್ಯೋ ಅಂತ ಗೊತ್ತಾಗಬೇಡ್ವಾ. ಕಲಿಯುವ ತಿಂಗಳುಗಳಲ್ಲಿ ಆ ಗಾಜಿನ ತುಂಬ ಖಾಲಿ ರಸ್ತೆ, ನಿಯಮದ ಪ್ರಕಾರ ಸರಿಯಾದ ರಸ್ತೆ, ಅದನ್ನು ನೋಡಿದಾಗಲೆಲ್ಲ ಏನೋ ಕಳೆದುಕೊಂಡ ಹಾಗೆ. ಹೊರಡಿ ಮೇಡಂ. ಕ್ಲಚ್ಚು ನಿಧಾನ, ನಿಧಾನಮ್ಮಾ, ಯಾರು ಯಾರಿಗೆ ಹೇಳುತ್ತಿದ್ದಾರೆ, ಮೊದಲ ತಿರುವು ಹೋಯಿತು, ಬಿಳಿ ಗೆರೆ ಚಕ್ರದ ಕೆಳಗೆ ಬಾಗುತ್ತಿದೆ, ಚಕ್ರ ನೋಡ್ಬೇಡ, ಹೋಗ್ಬೇಕಾದ ಕಡೆ ನೋಡು ಅಂದಿದ್ದ ಗಂಡ, ಎರಡನೇ ತಿರುವು, ಇದೇ ಜಾಗ, ಬೈಕು ವಾಲಿತು, ಎದೆ ಝಲ್ಲೆಂದಿತು, ಎಡಗಾಲು ಹೊರಟಿತು, ಬೇಡ, ಬೂಟಿನೊಳಗೆ ಬೆರಳುಗಳನ್ನು ಮುಷ್ಟಿ ಹಿಡಿದಂತೆ ಮಡಚಿಕೊಂಡಳು, ಕೂತ್ಕೋ ಅಲ್ಲೇ, ಕತ್ತೆ, ತಲೆ ಎತ್ತಿದಳು, ಗೋಡೆ, ನೆರಳು, ನೆರಳಿನಲ್ಲಿ ಅವನು, ಮುಷ್ಟಿಯ ಕೊಳವೆ ಕಣ್ಣಿಗಿಟ್ಟುಕೊಂಡು ಅವಳು ತಿರುಗಿದ ಕಡೆಗೆಲ್ಲ ಕತ್ತು ತಿರುಗಿಸುತ್ತಾ, ಉಳಿದಿರುವ ಅಷ್ಟೇ ಜಾಗದೊಳಗೆ ಅವಳನ್ನು ಹಿಡಿದಿಟ್ಟುಕೊಳ್ಳಲು ಒದ್ದಾಡುತ್ತಾ — ಯಾವಾಗ ಎಂಟು ಮುಗಿಯಿತೋ, ಯಾವಾಗ ಬೈಕು ನಿಂತಿತೋ. ಸಾರ್, ಪಾಸಾ. ಪಾಸಾದೋರು ಕೇಳ್ತಾ ನಿಲ್ಲಲ್ಲ ಮೇಡಂ, ಚೀಟಿ ತಗೊಂಡು ಹೋಗ್ತಾ ಇರಿ, ಎಲ್ ಬೋರ್ಡ್ ಕಿತ್ತಾಕಿ, ಹಿಂದೆ ಯಾರನ್ನ ಬೇಕಾದ್ರೂ ಕೂರಿಸ್ಕೊಳ್ಳಿ.

ತಮ್ಮ ಎರಡೂ ಬೋರ್ಡು ಕಿತ್ತು ಕಂಕುಳಿಗೆ ಸಿಕ್ಕಿಸಿಕೊಂಡ, ಹೋಯ್ತು ನನ್ ಬೈಕು, ನಾನು ಬಸ್ಸಲ್ಲೇ ಸಾಯ್ಬೇಕು, ಅಕ್ಕ ಹುಷಾರು, ಭಾವ ಗಟ್ಟಿ ಹಿಡ್ಕೊಳ್ಳಿ, ಗಂಡ ಸೀಟನ್ನು ಕೈಯಿಂದ ತಡವಿಕೊಂಡು ಹತ್ತಿದ, ಬೈಕು ಒಮ್ಮೆ ಕುಗ್ಗಿತು, ಓ, ಇದಾ ಭಾರ, ಇಷ್ಟಿರುತ್ತದಾ, ಅವಳ ಎರಡೂ ಮೊಣಕೈಗಳಲ್ಲಿ ಬಂದು ಕೂತ ಒಂದು ಜೀವದ ಭಾರ, ಬೀಳಿಸಬಾರದು, ಮೂಟೆ ಥರ ಸುಮ್ನಿರ್ತೀನಿ ಬಿಡು ಅಂದ, ಎಂಜಿನ್ನು ಗುಡುಗುಡು ಅನ್ನುತ್ತಿದೆ, ಎಡಗೈಯಲ್ಲಿ ಕ್ಲಚ್ಚು, ಈಗ ಎಡಗಾಲು, ಈಗಲೇ ಅದರ ಕೆಲಸ, ಒಂದನೇ ಗೇರು ಹಾಕಬೇಕು, ಆದರೆ ಅದಕ್ಕೆ ಮೊದಲೇ ಕೈ ಕ್ಲಚ್ಚು ಬಿಟ್ಟು ಎಡಗಡೆಯ ಕನ್ನಡಿಗೆ ಹೋಯಿತು, ಯಾವ ಶಿಷ್ಯರಿಗೂ ಹೀಗೆ ಮಾಡಲು ಬಿಟ್ಟವಳಲ್ಲ, ಒಳಕ್ಕೆ ತಿರುಗಿಸಿದಳು, ರಸ್ತೆ ಸರಿಯಿತು, ಗೋಡೆ ಸರಿಯಿತು, ಅವಳದೇ ಭುಜ, ಆಮೇಲೆ ಅವನ ಹೆಲ್ಮೆಟ್ಟಿನ ಅಂಚು, ಡಾಕ್ಟರು ಉಳಿದಿದೆ ಅಂದದ್ದು ಹೆಚ್ಚುಕಡಿಮೆ ಇಷ್ಟೇ ಅಗಲ, ಈ ದುಂಡು ಗಾಜಿನಷ್ಟೇ, ಮಾತು ನಿಲ್ಸಿದ್ಯಲ್ಲೇ, ಮುಂದಿದ್ಯೋ ಬಿದ್ಯೋ ಅಂದ ಹಿಂದಿನಿಂದ, ತಮ್ಮ ಅಲ್ಲಿಂದ ಕೂಗುತ್ತಿದ್ದಾನೆ, ಹಿಂದಿನ ಗಾಡಿಯವರು ಹಾರ್ನು ಒತ್ತುತ್ತಿದ್ದಾರೆ, ಹೊರಡಬೇಕು, ಕನ್ನಡಿಯ ಮಧ್ಯದಲ್ಲಿ ಒಂದು ಕಣ್ಣು, ಅವನ ಒಂದು ಕಣ್ಣು, ಅವಳನ್ನೇ ನೋಡುತ್ತಿದೆ, ಒಂದು ಕಣ್ಣು —