ಅವನು ಜೋಡಿಸಿದ ಗಾಡಿ

ಗುರುಬಾಯಿ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಸತ್ತ ಗಂಡನ ಉಗುರುಗಳನ್ನು ತಿಕ್ಕುತ್ತಿದ್ದಳು. ಗ್ರೀಸಿನ ಕಪ್ಪು ಹೋಗುತ್ತಿರಲಿಲ್ಲ.

“ಸುಡಾಕ ಹೊಂಟ ಹೆಣದ ಉಗುರು ತಿಕ್ಕಿ ಏನ್ ಮಾಡ್ತಿ? ಏಳು,” ಎಂದ ಸಂಗಪ್ಪ. ಸತ್ತ ನಿಂಗಣ್ಣನ ಅಣ್ಣ ಅವನು.

ಮುಂಬೈ ಜೋಗೇಶ್ವರಿಯ ಆ ಸಾಲುಮನೆ ಚಾಳಿನ ಅಂಗಳದಲ್ಲಿ ಜನ ಸೇರಿದ್ದರು. ನಿನ್ನೆಯಿಡೀ ಘಾಟ್ಕೋಪರ್‌ನಲ್ಲಿದ್ದ ಪಕ್ಕದ ಖೋಲಿಯ ಮೋನಪ್ಪ ಕೇಳಿದ: “ಆಸ್ಪತ್ರೆಗೆ ಹತ್ತು ನಿಮಿಷವೂ ಇಲ್ಲ. ನಿಮ್ಮ ಮೋಟಾರ್‌ಸೈಕಲ್ ಇತ್ತಲ್ಲ ಮಾರಾಯ್ರೆ?”

“ಗಾಡಿ ಕೆಟ್ಟಿತ್ತು. ಇಲ್ಲಾಂದ್ರ ಒಡಹುಟ್ಟಿದಾಂವನ್ನ ಬಿಡ್ತಿದ್ನೇನು?” ಸಂಗಪ್ಪ ಕಣ್ಣೊರೆಸಿಕೊಂಡ.

ಗುರುಬಾಯಿ ತಲೆಯೆತ್ತಿ ಅವನನ್ನು ನೋಡಿದಳು. ಮತ್ತೆ ಉಗುರು ತಿಕ್ಕತೊಡಗಿದಳು.

*

ತಾನು ದುಡಿಯುತ್ತಿದ್ದ ಮಿಲ್ಲು ಮುಚ್ಚಿದ ಮೇಲೆ ನಾಲ್ಕು ವರ್ಷ ನಿಂಗಣ್ಣ ಅಣ್ಣನ ಖೋಲಿಯಲ್ಲೇ ಇದ್ದ, ಅಣ್ಣನ ಬೈಗುಳ ತಿನ್ನುತ್ತ. ಸಂಗಪ್ಪನ ಗಾಡಿಯ ಬ್ಯಾಟರಿ ಪದೇಪದೇ ಇಳಿಯುತ್ತಿತ್ತು. ಅದಕ್ಕೆ ಚಾರ್ಜ್ ಕೊಡುವ ರೆಕ್ಟಿಫೈಯರ್ ಸುಟ್ಟಿದೆಯೆಂದು ಕಂಡುಹಿಡಿದವನು ನಿಂಗಣ್ಣನೇ. ನಿನ್ನೆ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸೀಟು ಬಿಚ್ಚಿ ಹೊಸದನ್ನು ಹಾಕಲು ಕೂತ. ಯಾವ ವೈರು ಎಲ್ಲಿಯದೆಂದು ಮರೆಯದಿರಲು ಒಂದೊಂದಕ್ಕೂ ಗುರುಬಾಯಿಯ ಹೊಲಿಗೆ ದಾರ ಕಟ್ಟಿದ: ಕೆಂಪು, ಹಸಿರು, ಬಿಳಿ.

“ನೀ ಮುಟ್ಟಿದ್ದು ಯಾವುದಾರ ನೆಟ್ಟಗಾಗೇತೇನಲೇ?” ಅಣ್ಣ ನಕ್ಕ.

ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಕಿಕ್ ಹೊಡೆಯಲು ಎದ್ದ ನಿಂಗಣ್ಣ ಎದೆ ಹಿಡಿದುಕೊಂಡು ಕುಸಿದ.

“ಭಾವಾರ, ಗಾಡಿ ಮ್ಯಾಲೆ ಒಯ್ಯೂಣ್ರಿ. ನಾ ಹಿಂದ ಹಿಡ್ಕೊಂಡು ಕೂಡ್ತೀನಿ!” ಗುರುಬಾಯಿ ಸಂಗಪ್ಪನ ಕಾಲಿಗೆ ಬಿದ್ದಳು.

“ಇಂವ ಜೋಡಿಸಿದ ಗಾಡಿನಾ? ನಡುದಾರ್ಯಾಗ ನಿಂತ್ರ ದೂಡಾಂವ ಯಾರು? ರಿಕ್ಷಾ ತರ್ತೀನಿ, ತಡಿ.”

“ಚಾಲೂ ಆಗ್ತೈತಿ ಅಣ್ಣಾ,” ಎಂದ ನಿಂಗಣ್ಣ. “ಒಮ್ಮಿ ಹೊಡದ್ ನೋಡು.”

ಸಂಗಪ್ಪ ನೋಡಲಿಲ್ಲ. ರಿಕ್ಷಾ ಬಂದದ್ದು ಅರ್ಧ ಗಂಟೆಗೆ. ಅಷ್ಟರಲ್ಲಿ ಉಸಿರು ನಿಂತಿತ್ತು.

*

ಚಟ್ಟ ಹೊರಡುವ ದಾರಿಗೆ ಮೋಟಾರ್‌ಸೈಕಲ್ ಅಡ್ಡವಿತ್ತು. ಸರಿಸಲು ಹೋದ ಮೋನಪ್ಪ, “ಏನಾಗಿದೆ ನೋಡುವ,” ಎಂದು ಕಿಕ್ ಹೊಡೆದ.

ಒಂದೇ ಏಟಿಗೆ ಎಂಜಿನ್ ಹತ್ತಿಕೊಂಡಿತು. ಸ್ವಿಚ್ ಒತ್ತಿದರೆ ದೀಪವೂ ಉರಿಯಿತು, ಮಿಣುಕದೆ. ಎಲ್ಲರೂ ಸಂಗಪ್ಪನ ಕಡೆ ತಿರುಗಿದರು.

ಸಂಗಪ್ಪ ಒಮ್ಮೆ ಕೆಮ್ಮಿದ. “ಸುಮ್ನ ಪೆಟ್ರೋಲ್ ಯಾಕ ಸುಡ್ತಿ? ಅತ್ತ ಸರಿ. ಸ್ಮಶಾನದಾಗ ಡಾಕ್ಟರ್ ಚೀಟಿ ತೋರಿಸ್ಬೇಕು, ನಾ ಮುಂದ ಹೋಗಿರ್ತೀನಿ.”

ಚೀಟಿ ಜೇಬಿಗಿಳಿಸಿ ಗಾಡಿ ಹತ್ತಿದ. ತಮ್ಮನ ಚಟ್ಟವನ್ನು ದಾಟಿಕೊಂಡು ಗಲ್ಲಿಯಲ್ಲಿ ಸಾಗಿದ. ಹಿಂದಿನ ಸೀಟು ಖಾಲಿಯಿತ್ತು.